ಬೇವಿನ ಗಿಡದ ಕೆಳಗೆ ಜಪಾನ್ ಪದ್ಧತಿ

ಮಕ್ಕಳೇ, ನಿಮ್ಮ ಅಜ್ಜನ ಜೊತೆ ಸಂಸಾರ ಮಾಡುವುದೆಂದರೆ ದಿನಾ ಕೋರ್ಟಿನಲ್ಲಿ ಸಾಕ್ಷಿ ಹೇಳಿದಂತೆ! ನಾನು "ಮಳಿ ಬಂತ್ರಿ" ಎಂದರೆ ಅಂಗಳಕ್ಕೆ ಹೋಗಿ, ಕೈ ಚಾಚಿ ನೋಡಿ ಬಂದು, "ಹೌದು, ಬಂದೈತಿ" ಎನ್ನುತ್ತಿದ್ದರು. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತದ ಒಂದು ಕನ್ನಡ ವಾರಪತ್ರಿಕೆಗೆ ನಮ್ಮ ಭಾಗದ ಸುದ್ದಿ ಬರೆಯುತ್ತಿದ್ದರಲ್ಲ, ಖಾತ್ರಿಯಾಗದ ಮಾತು ಅವರ ಬಾಯಿಂದ ಬೀಳುತ್ತಿರಲಿಲ್ಲ. ನನ್ನನ್ನು ನೋಡಲು ಬಂದಾಗ ನಮ್ಮಪ್ಪ, ಹುಡುಗಿ ಅಡಿಗೆ ಭಾಳ ಚಲೋ ಮಾಡುತ್ತಾಳೆ ಎಂದರೆ, ಇವರು ಎದ್ದು ಪಕ್ಕದ ಮನೆಗೆ ಕೇಳಲು ಹೋದರಂತೆ! ಪುಣ್ಯಕ್ಕೆ ಆ ವರ್ಷ ಪಕ್ಕದ ಮನೆಯವರ ಜೊತೆ ನಮ್ಮ ಜಗಳವಿರಲಿಲ್ಲ.

ಒಮ್ಮೆ ಹತ್ತಿರದ ಶೇಗಾಂವದಲ್ಲಿ ಚುನಾವಣೆಯ ಪ್ರಚಾರ ಸಭೆ. ಉಮೇದವಾರರ ಕಡೆಯವರು 'ಜನಸಾಗರ' ಎಂದು ಬರೆಯಿರಿ ಎಂದು ದುಂಬಾಲು ಬಿದ್ದರು. ಇವರು ಬರೆದದ್ದು: "ಜನ ಬಂದಿದ್ದರು. ಊಟ ಮುಗಿದ ಮೇಲೆ ಹೋದರು." ಆ ಪಕ್ಷದವರು ಇವರಿಗೆ ನಮಸ್ಕಾರ ಮಾಡುವುದನ್ನೇ ಬಿಟ್ಟರು. ಎದುರು ಪಕ್ಷದವರೂ ಬಿಟ್ಟರು; ಅವರ ಸಭೆಗೂ ಹೋಗಿದ್ದರಲ್ಲ!

ಇಂಥವರನ್ನು ಹುಡುಕಿಕೊಂಡು ಜಪಾನಿನಿಂದ ಒಬ್ಬ ಪತ್ರಕರ್ತೆ ನಮ್ಮ ಮನೆಗೆ ಬಂದರು. ಎರಡೂ ದೇಶ ದೋಸ್ತರು, ಎರಡೂ ಕಡೆ ಚುನಾವಣೆ ಹೇಗೆ ನಡೆಯುತ್ತದೆಂದು ತಾಳೆ ಹಾಕಿ ಬರೆಯುವವರಿದ್ದರು. ಅವರಿಗೆ ಹಿಂದಿ ಬರುತ್ತಿತ್ತು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅವರ ದೇಶದಲ್ಲಿ ಉಮೇದವಾರರು ಬಿಳಿ ಕೈಗವಸು ಹಾಕಿಕೊಂಡು ಗಾಡಿಯಿಂದ ಕೈ ಬೀಸುತ್ತಾರಂತೆ. ಮನೆಮನೆಗೆ ಹೋಗಿ ವೋಟು ಕೇಳುವಂತಿಲ್ಲವಂತೆ. ಹಾಗಾದರೆ ಚಹಾ ಯಾರ ಮನೆಯಲ್ಲಿ ಕುಡಿಯುತ್ತಾರೆ ಎಂದು ನಿಮ್ಮ ಅಜ್ಜನಿಗೆ ಚಿಂತೆ! ವೋಟು ಹಾಕುವಾಗ ಗಂಡಸರು, ಹೆಂಗಸರು ಎಲ್ಲರದೂ ಒಂದೇ ಪಾಳಿ, ಒಂದೇ ಸಾಲು ಎಂದೂ ಆಕೆ ಹೇಳಿದರು. ಈ ಮಾತು ನೆನಪಿಟ್ಟುಕೊಳ್ಳಿ.

ಆಮೇಲೆ, ಚುನಾವಣೆ ಬಗ್ಗೆ ನಿಮ್ಮ ಹೆಂಡತಿ ಏನನ್ನುತ್ತಾರೆ ಎಂದು ಕೇಳಿದರು. ಬೇರೆ ಗಂಡಸಾಗಿದ್ದರೆ ತಾನೇ ಹೇಳಿ ಮುಗಿಸುತ್ತಿದ್ದ. ಇವರು, ತಮಗೆ ಖಾತ್ರಿಯಿಲ್ಲ, ಅವಳನ್ನೇ ಕೇಳಿ ಎಂದು ಬಾಗಿಲ ಕಡೆ ತಿರುಗಿ ಕುಳಿತರು. ಎಷ್ಟು ಹೊತ್ತಾದರೂ ತಿರುಗಿದವರು ತಿರುಗಿಯೇ ಇದ್ದರು.

ಕೊನೆಗೆ ಬಾಗಿಲ ಹಿಂದಿನಿಂದಲೇ ಹೇಳಿದೆ: "ಗಂಡಸರ ಪಾಳಿ ಬೇವಿನ ಗಿಡದ ನೆರಳಾಗ ಇರತೈತಿ. ನಮ್ಮದು ಬಿಸಲಾಗ. ಬಸರಿ ಹೆಣ್ಮಕ್ಕಳು, ಮುದುಕೇರು ನಿಂತು ಸಾಕಾಗಿ ವೋಟ್ ಹಾಕದ ಮನಿಗಿ ಹೋಗ್ತಾರ."

"ಇಷ್ಟ ವರ್ಷ ಯಾಕ ಹೇಳಲಿಲ್ಲ?" ಎಂದರು ನಿಮ್ಮ ಅಜ್ಜ.

"ಊರಿಗೆಲ್ಲಾ ಕೇಳಿದ್ರಿ. ನನಗ ಕೇಳಲಿಲ್ಲ."

ನಿಮ್ಮ ಅಜ್ಜ ಚಹಾ ಬದಿಗಿಟ್ಟು, ಪೆನ್ನು ತೆಗೆದು ನಾನು ಹೇಳಿದ್ದನ್ನು ಬರೆದುಕೊಂಡರು.

ಆ ವಾರ ಪತ್ರಿಕೆಯಲ್ಲಿ ಬರೆದರು. ಯಾರೂ ಹೂಂ ಎನ್ನಲಿಲ್ಲ. ಊರ ಹಿರಿಯರಿಗೆ ಹೇಳಿದರು. ಅವರು, ಹಿಂದಿನಿಂದಲೂ ಹೀಗೇ ಇದೆ ಎಂದರು.

ಮತದಾನದ ದಿನ ಬೆಳಿಗ್ಗೆ ನಮ್ಮೂರ ಶಾಲೆಯ ಅಂಗಳದಲ್ಲಿ ಗಂಡಸರು ಎಂದಿನಂತೆ ಬೇವಿನ ಕೆಳಗೆ ನಿಂತಿದ್ದರು. ಇವರು ಹೋಗಿ ಗಂಭೀರವಾಗಿ ಹೇಳಿದರು: "ಜಪಾನಿನಾಗ ಗಂಡಸರು ಬಿಸಲಾಗ ನಿಲ್ಲತಾರ, ಹೆಣ್ಮಕ್ಕಳು ನೆರಳಾಗ. ಮುಂದುವರದ ದೇಶದ ಪದ್ಧತಿ ಇದು." ಹೇಳಿ, ತಾವೇ ಮೊದಲು ಬಿಸಿಲಿಗೆ ಹೋಗಿ ನಿಂತರು. ಇವರು ಹೇಳಿದ ಮೇಲೆ ಖಾತ್ರಿಯೇ ಅಲ್ಲವೇ? ಒಬ್ಬೊಬ್ಬರಾಗಿ ಎಲ್ಲರೂ ಸರಿದರು. ನಾನು ನಿಮ್ಮ ಅಜ್ಜನ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದ ಮೇಲೆ ನೀರು ಕೊಡುತ್ತಾ ಕೇಳಿದೆ: "ಖಾತ್ರಿ ಮಾಡಿಕೊಂಡಿದ್ರೇನ್ರಿ?"

ಪೂರ್ತಿ ತಂಬಿಗೆ ಕುಡಿದರು. "ಈ ಸುದ್ದಿ ಛಾಪಿಸಾಂಗಿಲ್ಲ" ಎಂದರು.

ಅವರು ತೀರಿಕೊಂಡ ಮೇಲೆ, ಮೊನ್ನೆಯ ಚುನಾವಣೆಗೆ ಒಬ್ಬಳೇ ಹೋದೆ. ಮೊದಲ ಸಲ ವೋಟು ಹಾಕಲು ಬಂದ ಒಬ್ಬ ಹುಡುಗ, ಗಂಡಸರಿಗೇಕೆ ಬಿಸಿಲು ಎಂದು ಗೊಣಗುತ್ತಿದ್ದ. ಹಿಂದೆ ನಿಂತಿದ್ದ ಮುದುಕರೊಬ್ಬರು ಗದರಿದರು: "ಸುಮ್ನ ನಿಂದ್ರಪಾ. ಜಪಾನ್ ಪದ್ಧತಿ ಐತಿ. ಹೇಳಿದಾವ್ರು ಎಂದೂ ಸುಳ್ಳ ಹೇಳಿದವರಲ್ಲ."

ನಾನು ಸೆರಗು ಮುಂದೆ ಎಳೆದುಕೊಂಡು, ನೆರಳಿನಲ್ಲಿ ನನ್ನ ಪಾಳಿಗೆ ಕಾಯುತ್ತ ನಿಂತೆ.