ಯಾರಿಗೂ ಕಾಣದ ತಾರಸಿ

ಮನೆ ಕಟ್ಟಿಸುವವನು ಎಷ್ಟೇ ಗಂಭೀರವಾಗಿದ್ದರೂ ಸೈಟಿಗೆ ಬಂದುಹೋಗುವವರು ಅವನನ್ನು ಹಾಗಿರಲು ಬಿಡುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದಲ್ಲಿ ಮನೆ ಕಟ್ಟಿಸಿದೆ. ಹೊಳೆನರಸೀಪುರದಲ್ಲಿ ಪಾಠ ಮುಗಿಸಿ, ಬಸ್ಸು ಹಿಡಿದು ಸಂಜೆ ಸೈಟಿಗೆ ಬರುತ್ತಿದ್ದೆ. ಹೆಂಡತಿ ತೀರಿಕೊಂಡು ವರ್ಷ ಕಳೆದಿತ್ತು. ಅವಳು ಕೇಳಿದ್ದು ಎರಡೇ: ಅಡುಗೆಮನೆಗೆ ಎಳೆಬಿಸಿಲು ಬೀಳಬೇಕು, ತಾರಸಿಯಲ್ಲಿ ತಲೆ ಒಣಗಿಸಿಕೊಳ್ಳುವಾಗ ಎದುರುಮನೆಯವರಿಗೆ ಕಾಣಬಾರದು. ಅವಳಿಲ್ಲವೆಂದು ಅವೆರಡನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

ದಿಕ್ಕು

ಒಂದು ಭಾನುವಾರ ಬೆಳಿಗ್ಗೆ ಅರಕಲಗೂಡಿನಿಂದ ವಾಸ್ತು ನೋಡುವವರು ಬಂದರು. ದಿಕ್ಸೂಚಿ ಇಡಲು ಬೇರೆ ಜಾಗ ಸಿಗದೆ ಕಬ್ಬಿಣದ ಸರಳುಗಳ ರಾಶಿಯ ಮೇಲಿಟ್ಟರು. ಮುಳ್ಳು ತೂರಾಡಿ ನಿಂತಿತು. "ಪೂರ್ವ ಅಲ್ಲಿ" ಎಂದು ಪಕ್ಕದ ಮನೆಯ ಕಕ್ಕಸು ತೋರಿಸಿದರು.

"ಸೂರ್ಯ ಈ ಕಡೆ ಹುಟ್ಟಿದಾನಲ್ಲ ಸ್ವಾಮಿ?" ಎಂದೆ. ಬಿಸಿಲು ಅವರ ಬೆನ್ನಿಗೇ ಬೀಳುತ್ತಿತ್ತು.

"ಅವನನ್ನ ನಂಬ್ಕೊಂಡು ಮನೆ ಕಟ್ಟಬೇಡಿ ಮೇಷ್ಟ್ರೇ. ಉತ್ತರಾಯಣಕ್ಕೊಂದು ಕಡೆ, ದಕ್ಷಿಣಾಯನಕ್ಕೊಂದು ಕಡೆ. ಒಂದು ನಿಲುವಿಲ್ಲ!"

ಅವರಿಗೆ ಕಾಫಿ ಕೊಡಿಸಿ ಕಳಿಸಿದೆ. ನಿಲುವಿಲ್ಲದವನನ್ನೇ ನಂಬಿ ಪಾಯ ಹಾಕಿಸಿದೆ.

ಅಳತೆ

ಗಾರೆ ಮೇಸ್ತ್ರಿ ಚನ್ನರಾಯಪಟ್ಟಣದ ಕಡೆಯವನು. ತಾರಸಿಯ ಗೋಡೆ ಎಷ್ಟೆತ್ತರ ಬೇಕೆಂದು ಕೇಳಿದ.

"ನಮ್ಮ ಮನೆಯವಳ ತಲೆ ಹೊರಗೆ ಕಾಣಬಾರದು, ಅಷ್ಟು."

"ಅಮ್ಮೋರ್ನ ಒಂದ್ಸಲ ಕರ್ಕಬನ್ನಿ ಸಾ. ನಿಲ್ಸಿ ಗುರ್ತು ಹಾಕ್ಕತೀನಿ."

ಅವನಿಗೆ ವಿಷಯ ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ನನ್ನ ಭುಜಕ್ಕೆ ಬರುತ್ತಿದ್ದಳು. ಮಂಡಿ ಬಗ್ಗಿಸಿ ಅಷ್ಟೆತ್ತರಕ್ಕೆ ಕುಗ್ಗಿ ನಿಂತೆ. ಸರಿಹೋಗಲಿಲ್ಲವೆನ್ನಿಸಿ ಇನ್ನೊಂಚೂರು ಕುಗ್ಗಿದೆ. ಕಾಲು ನಡುಗತೊಡಗಿತು. ಮೇಸ್ತ್ರಿ ನನ್ನನ್ನು ಒಂದು ಸುತ್ತು ಬಂದು, ಬಹಳ ಮರ್ಯಾದೆಯಿಂದ ಕೇಳಿದ:

"ಸಾ, ಅಮ್ಮೋರು ಈಗ ನಿಂತವ್ರಾ, ಕುಂತವ್ರಾ?"

ಮರೆ

ಗೃಹಪ್ರವೇಶವಾಯಿತು. ರಜೆಯ ದಿನಗಳಲ್ಲಿ ತಾರಸಿಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಒಂದರಲ್ಲಿ ಕೂರುತ್ತಿದ್ದೆ. "ಈ ಮೂಲೆಗೆ ಬಾ, ಇಲ್ಲಿ ಒಳ್ಳೆ ಬಿಸಿಲು" ಎಂದು ಇನ್ನೊಂದಕ್ಕೆ ಹೇಳುವುದು ರೂಢಿಯಾಗಿತ್ತು. ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಕೇಳುತ್ತಿತ್ತು.

ಒಂದು ದಿನ ಎದುರುಮನೆಯ ಅಜ್ಜಿ ತಟ್ಟೆಯಲ್ಲಿ ಅರಿಶಿನ ಕುಂಕುಮ, ರವಿಕೆ ಕಣ ಇಟ್ಟುಕೊಂಡು ಬಂದಿತು.

"ಸುಮ್‌ಸುಮ್ನೆ ಯಾರು ಅಷ್ಟೆತ್ರ ಗ್ವಾಡೆ ಕಟ್ತಾರೆ ಅಂತ ಆಗ್ಲೇ ಅಂದ್ಕಂಡೆ. ಎಲ್ಲಿ, ಹೊಸ ಹೆಂಡ್ತೀನ ಕರೀರಿ."

"ಯಾರೂ ಇಲ್ಲ ಅಜ್ಜಿ."

"ನಾಚ್ಕಬ್ಯಾಡಿ. ನೀವು ಮಾತಾಡ್ಸೋದು ನಮ್ಗೆ ಕೇಳ್ತದೆ."

ತಾನೇ ಮೆಟ್ಟಿಲು ಹತ್ತಿತು. ನೀರಿನ ತೊಟ್ಟಿಯ ಹಿಂದೆಯೂ ಇಣುಕಿತು. ಆಮೇಲೆ ತಟ್ಟೆಯನ್ನು ನೆಲಕ್ಕಿಟ್ಟು ಎರಡನೆಯ ಖಾಲಿ ಕುರ್ಚಿ ನೋಡಿತು. ಅದರಲ್ಲೇ ಕೂತು ಸ್ವಲ್ಪ ಹೊತ್ತು ಕಾಲು ಕಾಯಿಸಿಕೊಂಡು ಹೇಳಿತು: "ಇಂಥಾ ಬಿಸ್ಲ ಒಬ್ರೇ ಇಟ್ಕಂಡು ಏನ್ ಮಾಡ್ತೀರಾ?"

ಮುಂದಿನ ಭಾನುವಾರ ಅಜ್ಜಿ, ಸೊಸೆಯರು, ಅವರ ಗೆಳತಿಯರು ಸಂಡಿಗೆ ಹಿಟ್ಟಿನ ಸಮೇತ ಬಂದರು. ತಾರಸಿಯ ತುಂಬ ಸೀರೆ ಹಾಸಿದರು. ಮೇಲೆ ನಗು ಜೋರಾಗಿತ್ತು. ಏನೆಂದು ನೋಡೋಣವೆಂದು ಪೇಪರು ಹಿಡಿದು ಮೆಟ್ಟಿಲು ಹತ್ತಿದೆ.

"ಏನ್ ಮೇಷ್ಟ್ರೇ! ಹೆಂಗಸ್ರು ಇದೀವಿ, ಬರೋಕ್ ಮುಂಚೆ ಕೆಮ್ಮೋದು ಬ್ಯಾಡ್ವಾ?"

ಕೆಳಗಿಳಿದೆ. ಮತ್ತೆ ಹತ್ತುತ್ತಾ ನನ್ನದೇ ಮನೆಯಲ್ಲಿ ಗಟ್ಟಿಯಾಗಿ ಕೆಮ್ಮಿದೆ.

"ಈಗ ಸರಿ" ಎಂದಿತು ಅಜ್ಜಿ. "ಕೆಳಗೇ ಇರಿ."