ಫಕೀರಪ್ಪ ಚುನಾವಣೆಗೆ ನಿಂತದ್ದು

ಫಕೀರಪ್ಪ ಎದ್ದು ನಿಂತದ್ದು ಕಾಲಿಗೆ ಜೋಮು ಹಿಡಿದದ್ದರಿಂದ, ಬೇರೆ ಯಾವ ಉದ್ದೇಶದಿಂದಲೂ ಅಲ್ಲ.

ಹೊರದೇಶದ ಆ ಊರಿನ ಮೌಂಟ್ ರಾಸ್ಕಿಲ್ ಬಡಾವಣೆಯ ಸಮುದಾಯ ಭವನದಲ್ಲಿ ಅಂದು ಕನ್ನಡ ಬಳಗದ ವಾರ್ಷಿಕ ಸಭೆ. ಭಾನುವಾರದ ಬಿಸಿಲು ಕಿಟಕಿಯಿಂದಿಳಿದು ಅವನ ತೊಡೆಯ ಮೇಲೆ ಬೆಕ್ಕಿನಂತೆ ಮಲಗಿತ್ತು. ಹೊಟ್ಟೆಯಲ್ಲಿ ಉಪ್ಪಿಟ್ಟು ಬೆಚ್ಚಗಿತ್ತು. ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ವಾರವಿಡೀ ದುಡಿಯುವ ಆ ಮನುಷ್ಯನಿಗೆ ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ವಿದ್ಯೆ ಒಲಿದಿತ್ತು. ಆಗಲೂ ಅವನು ಕಿಟಕಿಯಾಚೆಯ ಬಿಳಿ ಮೋಡವೊಂದರ ಮೇಲೆ ಚಾಪೆ ಹಾಸಿಕೊಂಡು ಸಮುದ್ರದ ಕಡೆ ತೇಲಿ ಹೋಗುತ್ತಿದ್ದ.

ಕಾರ್ಯದರ್ಶಿ ವೆಂಕಟರಮಣ ಅವರಿಗೆ ಅಮೇರಿಕದ ಚುನಾವಣೆಯನ್ನು ಟಿವಿಯಲ್ಲಿ ನೋಡಿ ನೋಡಿ ಅದೇ ತಲೆಗೇರಿತ್ತು. ಈ ಸಲ ಬಳಗದ ಅಧ್ಯಕ್ಷರ ಆಯ್ಕೆಯೂ ಅದೇ ಪದ್ಧತಿಯಲ್ಲಿ ಎಂದು ಸಾರಿ, ಉತ್ತರ ಕರ್ನಾಟಕದವರನ್ನೆಲ್ಲ ರೊಟ್ಟಿ ಪಕ್ಷ, ಮೈಸೂರು ಕಡೆಯವರನ್ನೆಲ್ಲ ಮುದ್ದೆ ಪಕ್ಷ ಎಂದು ಎರಡು ಹೋಳು ಮಾಡಿದ್ದರು. "ರೊಟ್ಟಿ ಪಕ್ಷದಿಂದ ಯಾರು ನಿಲ್ತೀರಿ?" ಎಂದು ಅವರು ಕೇಳಿದ್ದೂ, ಫಕೀರಪ್ಪ ಎದ್ದದ್ದೂ ಒಂದೇ ಗಳಿಗೆಯಲ್ಲಿ.

"ಭೇಷ್!" ಎಂದರು ವೆಂಕಟರಮಣ.

"ನಾ ಕಾಲು ಝಾಡಸಾಕ ಎದ್ದೀನ್ರೀ!"

"ಅದೆಲ್ಲ ಆಮೇಲೆ. ಅಮೇರಿಕದಲ್ಲಿ ಮೊದಲು ಪಕ್ಷದೊಳಗೇ ಚುನಾವಣೆ ರೀ, ಪ್ರೈಮರಿ ಅಂತಾರೆ. ನಿಮ್ಮ ಪಕ್ಷದಲ್ಲಿ ಎದುರಾಳಿನೇ ಇಲ್ಲ. ಟಿಕೆಟ್ ನಿಮ್ಗೇ!"

ಮುದ್ದೆ ಪಕ್ಷದಲ್ಲಿ ಪ್ರೈಮರಿ ಜೋರಾಗಿಯೇ ನಡೆಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಯಾಮಿನಿ, ಹಿರಿಯರಾದ ಕಮಲಾ ಆಂಟಿಯನ್ನು ಸೋಲಿಸಿದಳು. ಕಮಲಾ ಆಂಟಿ ಮುಖ ಊದಿಸಿಕೊಂಡು ನೇರ ಫಕೀರಪ್ಪನ ಪಕ್ಕ ಬಂದು ಕೂತರು.

"ಇನ್ನು ದೇಣಿಗೆ" ಎಂದರು ವೆಂಕಟರಮಣ. "ಅಭ್ಯರ್ಥಿಗಳು ತಮ್ಮ ಪ್ರಚಾರಕ್ಕೆ ತಾವೇ ಎತ್ತಬೇಕು. ಯಾರು ಕೊಟ್ಟರು ಅಂತ ಹೇಳಲೇಬೇಕು. ಯಾಕೆ ಕೊಟ್ಟರು ಅಂತ ಹೇಳಬೇಕಾಗಿಲ್ಲ."

ಅಷ್ಟರಲ್ಲಿ ಫಕೀರಪ್ಪನ ಮೋಡದ ಮೇಲೆ ವೇದಿಕೆಯೊಂದು ಎದ್ದಿತ್ತು. ವೇದಿಕೆಯಲ್ಲಿ ಅವನು; ಹೆಗಲ ಮೇಲೆ ಶಾಲು, ಕೆಳಗೆ ಜನಸಾಗರ. ಕಮಲಾ ಆಂಟಿ ಒಂದು ಲಕೋಟೆ ಅವನ ಕೈಗಿಟ್ಟು, "ರಾಜ್ಯೋತ್ಸವದಲ್ಲಿ ನಮ್ಮ ಹುಡುಗಿ ಹರ್ಷಿತಾ ಡ್ಯಾನ್ಸೇ ಮೊದಲು ಆಗ್ಬೇಕಪ್ಪ" ಎಂದರು. "ಆಗ್ಲಿ" ಎಂದ, ಕನಸಿನ ಜನರಿಗೆ ಕೈ ಬೀಸುತ್ತ. ಗಟ್ಟಿ ತೋಳಿನ ಕೇದಾರ್ ಇನ್ನೊಂದು ಲಕೋಟೆ ಹಿಡಿದು ಬಂದು ತನ್ನ ಆರ್ಕೆಸ್ಟ್ರಾನೇ ಮೊದಲು ಎಂದ. "ಆಗ್ಲಿ." ಮೂರನೇ ಲಕೋಟೆ ಕೊಟ್ಟ ನಟರಾಜ ತನ್ನ ಭಾಷಣ ಮೊದಲು ಎಂದ. "ಅದೂ ಆಗ್ಲಿ."

"ಏನ್ರೀ, ಮೂರೂ ಮಂದಿಗೆ ಮೊದಲನೇ ಪಾಳಿ ಕೊಟ್ರಲ್ಲ?" ಹೆಂಡತಿ ಶಾಂತವ್ವ ಕಿವಿಯಲ್ಲಿ ಕೇಳಿದಾಗ ಮೋಡ ಹರಿಯಿತು, ಫಕೀರಪ್ಪ ಧೊಪ್ಪನೆ ನೆಲಕ್ಕೆ ಬಿದ್ದ. ಆಂಟಿಯ ನಾಲಿಗೆ, ಕೇದಾರನ ತೋಳು, ನಟರಾಜನ ಭಾಷಣ, ಮೂರೂ ಒಮ್ಮೆಗೇ ಕಣ್ಣ ಮುಂದೆ ಬಂದವು. ಲಕೋಟೆ ಹಿಂದಕ್ಕೆ ಕೊಡಹೋದರೆ ಒಬ್ಬರೂ ಮುಟ್ಟಲಿಲ್ಲ. ಉಳಿದದ್ದು ಒಂದೇ ದಾರಿ: ಸೋಲುವುದು.

ಭಾಷಣದ ಸರದಿ ಬಂದಾಗ ಅವನು ಕೈ ಮುಗಿದ. "ಯಾಮಿನಿಯವರು ಭಾಳ ಶಾಣ್ಯಾರದಾರ. ನನಗ ಏನೂ ತಿಳಿಯಂಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಅವರಿಗೇ ವೋಟ್ ಹಾಕ್ರಿ."

ಈಸ್ಟ್ ತಮಾಕಿಯವರ ಸಾಲಿನಿಂದ ಚಪ್ಪಾಳೆ ಸಿಡಿಯಿತು. "ಇಂಥ ನಿಸ್ವಾರ್ಥಿ ಎಲ್ಲಿ ಸಿಗ್ತಾರ್ರೀ!"

ಬಡಾವಣೆಗೊಂದರಂತೆ ಮೂರು ಡಬ್ಬಿ ಇಟ್ಟಿದ್ದರು; ಯಾಕೆ ಎಂದು ಯಾರೂ ಕೇಳಲಿಲ್ಲ. ತಮ್ಮ ಮನೆಯಿರುವ ಒನೆಹುಂಗಾದ ಡಬ್ಬಿಗೆ ಫಕೀರಪ್ಪ ಯಾಮಿನಿಯ ಹೆಸರು ಬರೆದು ಹಾಕಿದ.

ಚೀಟಿಗಳನ್ನು ಮೇಜಿನ ಮೇಲೆ ಸುರಿದಾಗ ಯಾಮಿನಿಯ ರಾಶಿ ಫಕೀರಪ್ಪನದಕ್ಕಿಂತ ಎದ್ದು ಕಾಣುವಷ್ಟು ಎತ್ತರವಿತ್ತು. ಕೆರೆಗಿಳಿದ ಎಮ್ಮೆಯಂತೆ ಅವನ ಮೈಯೆಲ್ಲ ತಣ್ಣಗಾಯಿತು. ಹೊರಗೆ ಮತ್ತೊಂದು ಮೋಡ ಅವನಿಗಾಗಿಯೇ ಎಂಬಂತೆ ಕಾದು ನಿಂತಿತ್ತು. ಅವನು ಹತ್ತಿ ಕೂತ.

"ವಿಜೇತರು, ಶ್ರೀ ಫಕೀರಪ್ಪನವರು!"

"ಅಲ್ರೀ, ಅವರಿಗೆ ಜಾಸ್ತಿ ಬಿದ್ದಾವಲ್ರೀ!" ಎಂದು ಫಕೀರಪ್ಪ ಕೂಗಿದ.

"ಅಮೇರಿಕದಲ್ಲಿ ಬರೀ ತಲೆ ಎಣಿಸೋದಿಲ್ಲ ಸ್ವಾಮಿ. ಮೌಂಟ್ ರಾಸ್ಕಿಲ್‌ಗೆ ಮೂರು ಅಂಕ, ಒನೆಹುಂಗಾಕ್ಕೆ ಎರಡು, ಈಸ್ಟ್ ತಮಾಕಿಗೆ ಎರಡು. ಎಲ್ಲಿ ಗೆಲ್ತೀರೋ ಅಲ್ಲಿನ ಅಂಕವೆಲ್ಲ ನಿಮ್ದು. ಮೌಂಟ್ ರಾಸ್ಕಿಲ್ ಪೂರ್ತಿ ಯಾಮಿನಿಗೆ ಹಾಕಿದೆ, ಸಿಕ್ಕಿದ್ದು ಮೂರೇ. ನಿಮ್ಗೆ ಉಳಿದೆರಡೂ ಸೇರಿ ನಾಲ್ಕು. ಬೆಳಿಗ್ಗೆನೇ ವಿವರಿಸಿದ್ನಲ್ಲ, ನೀವೆಲ್ಲ ಉಪ್ಪಿಟ್ಟು ತಿಂತಿದ್ರಿ."

ಯಾಮಿನಿ ಓಡಿ ಬಂದು, "ಕಂಗ್ರಾಟ್ಸ್ ಅಂಕಲ್!" ಎಂದು ಕೈ ಕುಲುಕಿದಳು. ಸೋತವರ ಮುಖದಲ್ಲಿ ಪಾರಾದೆನೆಂಬ ಅಂಥ ಕಳೆಯನ್ನು ಯಾರೂ ಕಂಡಿರಲಿಲ್ಲ.

"ಅದೂ ಒನೆಹುಂಗಾದಲ್ಲಿ ಗೆದ್ದಿದ್ದು ಒಂದೇ ಒಂದು ಓಟಿಂದ!" ಎಂದರು ವೆಂಕಟರಮಣ.

ಫಕೀರಪ್ಪ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಶಾಂತವ್ವನ ಕಣ್ಣು ಒದ್ದೆಯಾಗಿತ್ತು.

"ಅಷ್ಟು ಮಂದಿ ಮುಂದ ನೀವು ಕೈ ಮುಗದು ನಿಂತದ್ದು ನೋಡಿ ಕರುಳು ಚುರ್ ಅಂತ್ರೀ. ಜಲ್ಮದಾಗ ಒಮ್ಮೆರೆ ನೀವು ಗೆಲ್ಲಲಿ ಅಂತ ನಾನೇ ಹಾಕೀನಿ."

ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ಅವಳ ಹಿಂದಿನಿಂದ ಕಮಲಾ ಆಂಟಿ, ಕೇದಾರ್, ನಟರಾಜ ಮೂವರೂ ಒಂದೊಂದು ಹಾರ ಹಿಡಿದು ಬರುತ್ತಿದ್ದರು, ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತ.