ಕೆಂಗೇರಿ ಕೆರೆಯಲ್ಲಿ ಡ್ರಿಲ್ ಮೇಷ್ಟ್ರು

ಪಂಚಾಕ್ಷರಿ ಸಿಕ್ಕಿಬಿದ್ದದ್ದು ಒಂದೇ ಒಂದು ಮಾತಿನಿಂದ. ಶನಿವಾರ ಶಾಲೆ ಬಿಡುವ ಹೊತ್ತಿಗೆ ಹೆಡ್‌ಮಾಸ್ತರು ಅವನನ್ನು ಕರೆದು, "ನಿಮಗೆ ನೀರಿನ ಭಯ ಏನೂ ಇಲ್ಲ ತಾನೆ?" ಎಂದು ಕೇಳಿದರು. ಡ್ರಿಲ್ ಮೇಷ್ಟ್ರಾದವನು ಭಯ ಇದೆ ಅನ್ನಬಾರದು ಎಂಬ ಅಭಿಮಾನದಲ್ಲಿ, "ಎಂಥ ಭಯ ಸಾರ್" ಅಂದುಬಿಟ್ಟ.

"ಹಾಗಾದ್ರೆ ನಾಳೆ ಕೆಂಗೇರಿ ಕೆರೆಗೆ ಹೋಗಿಬನ್ನಿ. ಹುಡುಗರಿಗೆ ದೋಣಿ ಹುಟ್ಟು ಹಾಕೋದು ಕಲಿಸಬೇಕಂತೆ, ಎದೆ ಅಗಲ ಆಗುತ್ತಂತೆ. ಕಲಿಸೋ ಮೇಷ್ಟ್ರುಗಳಿಗೆ ಒಂದು ದಿನದ ತರಬೇತಿ ಇಟ್ಟಿದಾರೆ."

"ನಮ್ಮ ಸ್ಕೂಲಲ್ಲಿ ದೋಣಿ ಎಲ್ಲಿದೆ ಸಾರ್?"

"ದೋಣಿ ಇಲ್ಲ, ಕೆರೇನೂ ಇಲ್ಲ. ಮೇಷ್ಟ್ರು ಇದಾರಲ್ಲ. ಇಲಾಖೆಯೋರು ಒಂದೊಂದಾಗಿ ಕೊಡ್ತಾರೆ." ಹೆಡ್‌ಮಾಸ್ತರು ದನಿ ತಗ್ಗಿಸಿದರು. "ಇನ್ಸ್‌ಪೆಕ್ಟರ್ ಸಾಹೇಬರೇ ಬರ್ತಾರೆ. ಅವರ ಕಣ್ಣಿಗೆ ಬೀಳೋ ಹಾಗೆ ಮಾಡಿ. ನೀವಿನ್ನೂ ಖಾಯಂ ಆಗಿಲ್ಲ. ಕೆಲಸಕ್ಕೆ ಬಾರದೋನು ಅನ್ನಿಸ್ಕೊಂಡ್ರೆ ಎಲ್ಲಿಗೆ ಎತ್ತಿ ಹಾಕ್ತಾರೋ ನಾನು ಹೇಳಲಾರೆ."

ಎತ್ತಿ ಹಾಕುವುದು ಎಂದರೇನೆಂದು ಪಂಚಾಕ್ಷರಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದಾಗಿನಿಂದ ಅವನನ್ನು ಪಾವಗಡದಿಂದ ಮಧುಗಿರಿಗೆ, ಅಲ್ಲಿಂದ ಗುಬ್ಬಿಗೆ ಎತ್ತಿ ಹಾಕುತ್ತಲೇ ಇದ್ದರು. ಈಗ ರಾಜಾಜಿನಗರದಲ್ಲಿ ಸುಣ್ಣದ ವಾಸನೆ ಇನ್ನೂ ಆರದ ಹೊಸ ಬಾಡಿಗೆ ಮನೆ. ಹೆಂಡತಿ ಯಶೋದೆ ಕಿಟಕಿಗೆ ಪರದೆ ಕಟ್ಟಿದ ದಿನವೇ ಎಚ್ಚರಿಕೆ ಕೊಟ್ಟಿದ್ದಳು: "ಇನ್ನೊಂದು ಸಲ ಮೂಟೆ ಕಟ್ಟು ಅಂದ್ರೆ ಕಟ್ತೀನಿ. ಆದ್ರೆ ಅದು ನಮ್ಮಮ್ಮನ ಮನೆಗೆ."

ಪಾವಗಡದ ಕಡೆ ಹುಟ್ಟಿದ ಪಂಚಾಕ್ಷರಿ ಸ್ನಾನದ ಹಂಡೆಗಿಂತ ದೊಡ್ಡ ನೀರಿಗೆ ಇಳಿದವನೇ ಅಲ್ಲ. ಆದರೂ ಆ ರಾತ್ರಿ ಹಲ್ಲು ಕಚ್ಚಿ ನಿಶ್ಚಯ ಮಾಡಿಕೊಂಡ. ಸತ್ತರೂ ಸರಿ, ಮೊದಲನೆಯವನಾಗಿಯೇ ಸಾಯಬೇಕು.

ಬೆಳಿಗ್ಗೆ ಅವನು ಕೋಟು ಹಾಕಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಮುನಿತಾಯಮ್ಮ ಹೊಸ್ತಿಲು ದಾಟಿ ಒಳಗೆ ಬಂದಿದ್ದಳು. ಆ ಸಾಲಿನ ಗೋಡೆಗಳು ಎಷ್ಟು ತೆಳುವೆಂದರೆ, ಒಂದು ಮನೆಯಲ್ಲಿ ಸೀನಿದರೆ ಪಕ್ಕದ ಮನೆಯವರು ಹರಸುತ್ತಿದ್ದರು.

"ಈಜು ಬರ್ತದೇನಪ್ಪಾ ಮೇಷ್ಟ್ರೇ?"

"ಇಲ್ಲಮ್ಮ."

"ಮತ್ತೆ ಯಾವ ಧೈರ್ಯದ ಮೇಲೆ ಹೊಂಟೆ? ತಿರುಕ್ಕೊ ಆ ಕಡೆ." ಅವಳ ಕೈಯಲ್ಲಿ ಮೊಳದುದ್ದದ ಒಣಗಿದ ಸೋರೆ ಬುರುಡೆಯಿತ್ತು. "ನಮ್ಮ ಮಕ್ಳೆಲ್ಲ ಇದನ್ನೇ ಬೆನ್ನಿಗೆ ಕಟ್ಕೊಂಡು ಬಾವೀಲಿ ಈಜು ಕಲ್ತಿದ್ದು. ನೀನು ಮುಳುಗ್ತೀನಿ ಅಂದ್ರೂ ಇದು ಬಿಡಾಕಿಲ್ಲ."

ಹಳೇ ಸೀರೆಯ ಪಟ್ಟಿಯಿಂದ ಅವಳು ಅದನ್ನು ಹೇಗೆ ಬಿಗಿದಳೆಂದರೆ ಪಂಚಾಕ್ಷರಿಗೆ ಅರ್ಧ ಉಸಿರು ಒಳಗೆ, ಅರ್ಧ ಹೊರಗೆ ನಿಂತಿತು. ಮೇಲೆ ಕೋಟು ತೊಟ್ಟಾಗ, ಹೊಟ್ಟೆ ಹಿಂದಕ್ಕೆ ಸರಿದ ಗಣಪತಿಯಂತೆ ಕಂಡ.

"ಹೀಗೇ ಹೋಗ್ತೀರಾ?" ಎಂದಳು ಯಶೋದೆ.

"ಮನೆ ಉಳೀಬೇಕು ಅಂದ್ರೆ ಹೀಗೇ ಹೋಗಬೇಕು," ಎಂದು ಅವನು ಬಸ್ಸಿಗೆ ನಡೆದ. ಕೆಂಗೇರಿಯವರೆಗೂ ಒರಗಿ ಕೂರಲಾಗಲಿಲ್ಲ. ಕಂಬಿ ಹಿಡಿದು ನಿಂತೇ ಹೋದ.

ಕೆರೆಯ ದಡದಲ್ಲಿ ಹತ್ತಾರು ಶಾಲೆಗಳ ಡ್ರಿಲ್ ಮೇಷ್ಟ್ರುಗಳು ಸೇರಿದ್ದರು. ಕಲಿಸಲು ಬಂದಿದ್ದವರು ವೆಂಕಟೇಶ್ ಎಂಬುವರು, ಕೊಚ್ಚಿಯಲ್ಲಿ ಹಡಗಿನ ಕೆಲಸ ಮಾಡಿ ಬಂದವರು. ಮೊದಲು ಎಲ್ಲರನ್ನೂ ದಡದಲ್ಲೇ ಬೆಂಚುಗಳ ಮೇಲೆ ಕೂರಿಸಿ ಕೈಗೆ ಬಿದಿರು ಕೊಟ್ಟು ಹುಟ್ಟಿನಂತೆ ಎಳೆಸಿದರು.

"ಬೆನ್ನು ಬಾಗಬಾರದು. ಬಾಗಿದರೆ ಬಲ ಸೋರಿ ಹೋಗುತ್ತೆ."

ಉಳಿದವರೆಲ್ಲ ಕುಡುಗೋಲಿನಂತೆ ಬಾಗಿದ್ದರು. ಪಂಚಾಕ್ಷರಿಯ ಬೆನ್ನು ಮಾತ್ರ ಗರುಡಗಂಬ. ಬಾಗೋಣವೆಂದರೂ ಬುರುಡೆ ಬಿಡುತ್ತಿರಲಿಲ್ಲ.

"ಇಲ್ಲಿ ನೋಡಿ, ಇದು ಬೆನ್ನು," ಎಂದು ವೆಂಕಟೇಶ್ ತೋರಿಸಿದರು. ಪಂಚಾಕ್ಷರಿಗೆ ಜೀವ ಬಂದಂತಾಯಿತು.

ಪಕ್ಕದಲ್ಲಿ ಕೂತಿದ್ದ ಚಿಕ್ಕಹನುಮಯ್ಯ ಬೆನ್ನು ತಟ್ಟಿದ. ಮಾಗಡಿ ರಸ್ತೆಯ ಶಾಲೆಯಲ್ಲಿ ತಲೆ ನರೆಸಿಕೊಂಡಿದ್ದ ಹಿರಿಯ ಮೇಷ್ಟ್ರು ಅವನು. ತಟ್ಟಿದ ಕಡೆಯಿಂದ ಡಬ್ ಎಂದು ಸದ್ದು ಬಂತು.

"ಏನ್ರೀ ಇದು?"

"ವಾಯು," ಎಂದ ಪಂಚಾಕ್ಷರಿ.

"ಭಾರೀ ವಾಯು. ನೋಡಿ ಮೇಷ್ಟ್ರೇ, ನೀವು ಹೊಸಬರು, ರಾಜಾಜಿನಗರದಲ್ಲಿ ಈಗ ತಾನೆ ಮನೆ ಮಾಡಿದೀರಂತೆ. ಒಂದು ಮಾತು ಹೇಳ್ತೀನಿ. ಸರ್ಕಾರದ ದೋಣಿ, ಇಷ್ಟು ಜೋರಾಗಿ ಎಳೀಬಾರದು. ನಿಧಾನ ಇರಲಿ."

ನನಗೆ ಹೆಸರು ಬರುವುದು ಇವನಿಗೆ ಹೊಟ್ಟೆಯುರಿ ಎಂದುಕೊಂಡ ಪಂಚಾಕ್ಷರಿ. ಮಧ್ಯಾಹ್ನ ಚಿತ್ರಾನ್ನದ ಎಲೆ ಮುಂದೆ ಕೆಂಗೇರಿ ಶಾಲೆಯ ಕೃಷ್ಣಯ್ಯನೂ ಅದನ್ನೇ ಹೇಳಿದ. "ಅಷ್ಟೊಂದು ಕಷ್ಟ ಪಡಬೇಡಿ ಸ್ವಾಮಿ. ಕಷ್ಟಪಡೋರ್ನ ಕಂಡ್ರೆ ಮೇಲಿನೋರಿಗೆ ಬಲು ಪ್ರೀತಿ." ಪ್ರೀತಿಯೇ ತಾನೆ ಬೇಕಾಗಿರುವುದು ಎಂದು ಪಂಚಾಕ್ಷರಿ ಇನ್ನೆರಡು ತುತ್ತು ಹೆಚ್ಚಿಗೆ ಉಂಡ.

ಊಟವಾದ ಮೇಲೆ ಪರೀಕ್ಷೆ. ಎದುರಿನ ಕೆರೆ ಏರಿಯ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಬ್ಬೊಬ್ಬರಾಗಿ ಈ ದಡದಿಂದ ಅಲ್ಲಿಗೆ ದೋಣಿ ಮುಟ್ಟಿಸಬೇಕು.

ಮೊದಲು ಕೃಷ್ಣಯ್ಯ. ಅವನು ಒಂದೇ ಹುಟ್ಟು ಆಡಿಸಿ ಗಾಣದೆತ್ತಿನಂತೆ ನಿಂತಲ್ಲೇ ಸುತ್ತಿದ. ಹಿಂದೆಯೇ ಹೋದವನೊಬ್ಬ ಜೊಂಡಿನೊಳಗೆ ಹೊಕ್ಕು ಕಾಣೆಯಾದ. ಚಿಕ್ಕಹನುಮಯ್ಯನಂತೂ ದೋಣಿಯಲ್ಲಿ ಎದ್ದು ನಿಂತು ಸಾಹೇಬರಿಗೆ ಕೈಮುಗಿದು, ಮುಗಿದ ಕೈಯಲ್ಲೇ ನೀರಿಗೆ ಬಿದ್ದ. ಎಲ್ಲರೂ ಸೇರಿ ಎಳೆದು ತಂದು ದಡದ ಮೇಲೆ ಮಲಗಿಸಿದರು. ಅವನು ಬಾಯಿಂದ ನೀರು ಕಾರಂಜಿಯಂತೆ ಚಿಮ್ಮಿಸಿದ.

ಉಳಿದವರೂ ಹೀಗೇ ಸುತ್ತಿ, ಬಿದ್ದು ವಾಪಸಾದರು. ಕೊನೆಗೆ ಪಂಚಾಕ್ಷರಿ ಬೆನ್ನಿನ ಬುರುಡೆಯನ್ನೊಮ್ಮೆ ತಡವಿಕೊಂಡು ದೋಣಿ ಹತ್ತಿದ. ಕೂತಿದ್ದೇ ತಡ, ವೆಂಕಟೇಶ್ ದೋಣಿಯನ್ನು ನೂಕಿಬಿಟ್ಟರು.

ಹುಟ್ಟು ಹಾಕುವವನು ಹೋಗುವ ಕಡೆಗೆ ಬೆನ್ನು ಮಾಡಿ ಕೂರಬೇಕು. ಅದು ಬೆಳಿಗ್ಗೆಯೇ ಹೇಳಿದ್ದ ಪಾಠ. ಆದರೆ ನೀರು ಕಂಡ ಕೂಡಲೇ ಪಾಠವೆಲ್ಲ ಮರೆತುಹೋಯಿತು. ಪಂಚಾಕ್ಷರಿಗೆ ಕಂಡದ್ದು ಕಣ್ಣೆದುರಿಗಿನ ದಡ, ದಡದ ಮೇಲಿನ ಜನ, ಅವರು ದೂರ ಹೋಗುತ್ತಿರುವುದು. ವಾಪಸು ಹೋಗಬೇಕು. ಹುಟ್ಟನ್ನು ಬಾವಿಯ ಹಗ್ಗ ಸೇದುವಂತೆ ತನ್ನ ಕಡೆಗೆ ಎಳೆದ. ಎಳೆದರೆ ದಡ ಬರಬೇಕು ತಾನೆ? ದಡ ಇನ್ನೂ ದೂರ ಹೋಯಿತು. ಇನ್ನೂ ಜೋರಾಗಿ ಎಳೆದ. ಜನ ಇರುವೆಗಳಾದರು. ಶಿವ ಶಿವಾ ಎನ್ನುತ್ತ, ಬಾಗದ ಬೆನ್ನಿನಿಂದ, ಉಬ್ಬಿದ ಕಣ್ಣಿನಿಂದ ಸೇದಿದ, ಸೇದಿದ, ಸೇದಿದ. ಕೊನೆಗೆ ದೋಣಿಯ ಮೂತಿ ಏರಿಯ ಕಲ್ಲಿಗೆ ಧಡ್ಡೆಂದು ಬಡಿದು ನಿಂತಿತು. ತಿರುಗಿ ನೋಡಿದರೆ ಸಾಹೇಬರ ಬೂಟು.

"ಶಾಬಾಸ್," ಎಂದರು ಸಾಹೇಬರು, ಕುರ್ಚಿಯಿಂದ ಎದ್ದು. "ಒಂದು ಸಲಾನೂ ಈ ಕಡೆ ತಿರುಗಿ ನೋಡಲಿಲ್ಲ. ಏನು ಆತ್ಮವಿಶ್ವಾಸ ರೀ ನಿಮ್ಮದು."

ಸಂಜೆ ಎಲ್ಲರನ್ನೂ ಏರಿಯ ಮೇಲೆ ಸೇರಿಸಿ ಸಾಹೇಬರು ಮಾತಾಡಿದರು. ಪಂಚಾಕ್ಷರಿ ಮೊದಲನೆಯವನು. ಕೊರಳಿಗೆ ಹಾರ ಬಿತ್ತು. ಖಾಯಂ ಮಾಡಲು ತಾವೇ ಬರೆಯುವುದಾಗಿ ಹೇಳಿದರು. ಪಂಚಾಕ್ಷರಿಯ ಕಣ್ಣು ಮಂಜಾಯಿತು. ಯಶೋದೆಯ ಪರದೆ ಗಾಳಿಗೆ ಆಡುವುದು ಕಂಡಂತಾಯಿತು.

"ಕಾವೇರಿ ನಡುಗಡ್ಡೆ ಮೇಲೆ ಒಂದು ಹೊಸ ಶಾಲೆ ಮಾಡಿದ್ದೀವಿ," ಎಂದು ಸಾಹೇಬರು ಮುಂದುವರಿಸಿದರು. "ಅಲ್ಲಿಗೆ ಬಸ್ಸಿಲ್ಲ, ಸೇತುವೆ ಇಲ್ಲ. ಹೊಳೆ ದಾಟಿಸಿ ಮಕ್ಕಳನ್ನ ಕರಕೊಂಡು ಹೋಗೋಕೆ, ಕರಕೊಂಡು ಬರೋಕೆ ಒಬ್ಬ ಸಮರ್ಥ ಮೇಷ್ಟ್ರು ಬೇಕಾಗಿತ್ತು. ಅವರನ್ನ ಹುಡುಕೋಕೇ ಈ ತರಬೇತಿ ಇಟ್ಟಿದ್ದು. ಸಿಕ್ಕಿದರು. ಒಂದನೇ ತಾರೀಖಿಗೆ ಹೊರಡಿ."

ಸಾಹೇಬರು ಕಾರು ಹತ್ತುವ ಹೊತ್ತಿಗೆ ಪಂಚಾಕ್ಷರಿ ಓಡಿಹೋಗಿ, "ಸಾರ್, ನಿಜ ಹೇಳಿಬಿಡ್ತೀನಿ. ನನಗೆ ಈಜು ಬರಲ್ಲ," ಎಂದ.

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. "ಈಜು ಬರೋರೇ ಇವತ್ತು ನೀರಿಗೆ ಬಿದ್ದರು. ಬರದೇ ಇರೋ ನೀವೊಬ್ಬರೇ ಒಣ ಬಟ್ಟೇಲಿ ಏರಿ ಮುಟ್ಟಿದಿರಿ. ಇಂಥೋರೇ ಬೇಕು ರೀ ನಮಗೆ."

ಕಾರು ಹೋಯಿತು. ಚಿಕ್ಕಹನುಮಯ್ಯ ಪಂಚೆ ಹಿಂಡುತ್ತ ಹತ್ತಿರ ಬಂದ.

"ಈಜು ಬರೋರು ಅಂದರಲ್ಲ ಸಾಹೇಬರು. ನಿಮಗೆ ಬರುತ್ತಾ?" ಎಂದ ಪಂಚಾಕ್ಷರಿ, ಸಣ್ಣ ದನಿಯಲ್ಲಿ.

"ನಾನು ಹುಟ್ಟಿದ್ದೇ ಈ ಕೆರೆ ದಡದಲ್ಲಿ ಕಣ್ರೀ. ಕೃಷ್ಣಯ್ಯ ಇದಾನಲ್ಲ, ಒಂದು ಕೈಲಿ ಬೀಡಿ ಹಿಡ್ಕೊಂಡು ಇನ್ನೊಂದು ಕೈಲಿ ದೋಣಿ ನಡೆಸೋ ಗಿರಾಕಿ. ನಡುಗಡ್ಡೆ ಸ್ಕೂಲಿನ ಸುದ್ದಿ ನಮಗೆಲ್ಲ ಹೋದ ತಿಂಗಳೇ ಗೊತ್ತು. ಅದಕ್ಕೇ ತಾನೆ ನಾನು ಬೆಳಿಗ್ಗೇನೇ ಹೇಳಿದ್ದು, ನಿಧಾನ ಮೇಷ್ಟ್ರೇ, ನಿಧಾನ ಅಂತ."

"ಬಿಡಿಸಿ ಹೇಳಬಾರದಾಗಿತ್ತಾ?"

"ಬಿಡಿಸಿ ಹೇಳಿದ್ರೆ ನೀವೂ ನೀರಿಗೆ ಬೀಳ್ತಿದ್ರಿ. ಯಾರಾದ್ರೂ ಒಬ್ರು ಹೋಗಲೇಬೇಕಲ್ಲ ಸ್ವಾಮಿ." ಚಿಕ್ಕಹನುಮಯ್ಯ ಪಂಚೆಯನ್ನು ಒಮ್ಮೆ ಝಾಡಿಸಿ, ಅವನ ಕೊರಳಿನ ಹಾರವನ್ನು ಪ್ರೀತಿಯಿಂದ ಸರಿಮಾಡಿದ. "ಬೇಜಾರು ಮಾಡ್ಕೋಬೇಡಿ. ಅಂದ ಹಾಗೆ, ರಾಜಾಜಿನಗರದ ಮನೆ ಯಾವತ್ತು ಖಾಲಿ ಮಾಡ್ತೀರಾ? ನಮ್ಮ ಬಾಮೈದ ಒಂದು ವರ್ಷದಿಂದ ಆ ಕಡೆ ಹುಡುಕ್ತಾ ಇದಾನೆ."